ಏಟಿನ ಮಾತು, ಮಾತ್ರೆಯ ಮಾತು: ಎರಡಕ್ಕೂ ಒಂದೇ ಕೋಣೆ ಬೇಕು

ನಮ್ಮ ಜಮಾಅತ್‌ಗಳಲ್ಲಿ ಈಗ ಮಾದಕ ದ್ರವ್ಯದ ವಿರುದ್ಧ ಮಾತು ಜೋರಾಗಿದೆ. ಜುಮಾ ಖುತ್ಬಾದಲ್ಲಿ ಕೇಳುತ್ತೇವೆ, ಮದ್ರಸದ ವಾರ್ಷಿಕದಲ್ಲಿ ಕೇಳುತ್ತೇವೆ, ಮದುವೆ ಹಾಲಿನಲ್ಲಿ ಊಟಕ್ಕೆ ಕೂತರೂ ಅದೇ ಸುದ್ದಿ. ಒಳ್ಳೆಯದೇ. ಆದರೆ ಈ ಮಾತುಗಳಲ್ಲೆಲ್ಲ ಹೆಣ್ಣು ಕಾಣಿಸಿಕೊಳ್ಳುವುದು ಎರಡೇ ಜಾಗದಲ್ಲಿ. ಒಂದೋ ಮಗ ಹಾಳಾದನೆಂದು ಅಳುವ ಉಮ್ಮ, ಇಲ್ಲವೇ ನಶೆಯಲ್ಲಿರುವ ಗಂಡನ ಏಟು ತಿನ್ನುವ ಹೆಂಡತಿ. ಮೂರನೆಯವಳೊಬ್ಬಳು ಇದ್ದಾಳೆ. ಏಟು ತಿಂದು ತಿಂದು, ಆ ನೋವು ಮರೆಯಲೆಂದು ನುಂಗಿದ ಮಾತ್ರೆಯನ್ನು ಈಗ ಬಿಡಲಾಗದೆ ಸಿಕ್ಕಿಬಿದ್ದವಳು. ಅವಳ ಬಗ್ಗೆ ಯಾರೂ ಭಾಷಣ ಮಾಡುವುದಿಲ್ಲ. "ನಮ್ಮ ಹೆಣ್ಮಕ್ಕಳಲ್ಲಿ ಅಂಥದ್ದೆಲ್ಲ ಇಲ್ಲ ಮಾರಾಯ್ರೆ" ಎಂದರೆ ಮಾತು ಮುಗಿಯಿತು.

ಇಲ್ಲ ಎನ್ನುವುದು ಅಷ್ಟು ಸುಲಭವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಶೇ. 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ದೇಶದ ಸರಾಸರಿ ಶೇ. 29. ಅದೇ ಸಮೀಕ್ಷೆಯ ಇನ್ನೊಂದು ಲೆಕ್ಕ: ಪದೇ ಪದೇ ಕುಡಿದು ಬರುವ ಗಂಡಂದಿರ ಹೆಂಡತಿಯರಲ್ಲಿ ಶೇ. 70 ಮಂದಿ ದೈಹಿಕ ಅಥವಾ ಲೈಂಗಿಕ ಹಿಂಸೆ ಕಂಡವರು. ಕುಡಿಯದವರ ಮನೆಗಳಲ್ಲಿ ಅದು ಶೇ. 23. ಈ ಎರಡನೆಯ ಅಂಕಿಯನ್ನು ಕೂಡ ನಾವು ನೋಡಬೇಕು. ನಮ್ಮಲ್ಲಿ ಕುಡಿತ ಕಡಿಮೆ, ಸರಿ. ಕುಡಿಯದ ಮನೆಯಲ್ಲೂ ನಾಲ್ಕರಲ್ಲಿ ಒಬ್ಬಳಿಗೆ ಹತ್ತಿರ ಹತ್ತಿರ ಏಟು ಬಿದ್ದಿದೆ.

ಇನ್ನು ನಶೆಯ ಮಾತು. ಗಂಡನಿಂದ ಹಿಂಸೆಗೊಳಗಾದ ಹೆಣ್ಣಿಗೆ ಮದ್ಯದ ಸಮಸ್ಯೆ ಬರುವ ಸಂಭವ ಉಳಿದವರಿಗಿಂತ ಸುಮಾರು ಎರಡು ಪಟ್ಟು ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರ ವರದಿಯಲ್ಲಿ ಹೇಳಿತು. ಜಗತ್ತಿನಲ್ಲಿ ಮಾದಕ ದ್ರವ್ಯ ಬಳಸುವ ಮೂವರಲ್ಲಿ ಒಬ್ಬರು ಹೆಣ್ಣು, ಆದರೆ ಚಿಕಿತ್ಸೆಗೆ ಬಂದ ಐವರಲ್ಲಿ ಮಾತ್ರ ಒಬ್ಬರು ಹೆಣ್ಣು ಎಂದು ವಿಶ್ವಸಂಸ್ಥೆಯ 2015ರ ಮಾದಕ ದ್ರವ್ಯ ವರದಿ ಹೇಳಿತು. ಉಳಿದವರು ಎಲ್ಲಿದ್ದಾರೆ? ಮನೆಯೊಳಗೆ, ಬಾಗಿಲು ಹಾಕಿಕೊಂಡು.

ನಶೆ ಎಂದರೆ ನಮ್ಮ ಕಣ್ಣಿಗೆ ಬರುವುದು ಗಾಂಜಾ, ಎಂಡಿಎಂಎ, ಬೈಕಿನಲ್ಲಿ ಬರುವ ಹುಡುಗರು. ಮನೆಯೊಳಗಿನ ಹೆಣ್ಣಿಗೆ ಅದು ಬರುವ ದಾರಿ ಬೇರೆ. ನಾವೀಗ ಹೇಳುವುದು ಯಾವುದೋ ಒಂದು ಮನೆಯ ಕಥೆಯಲ್ಲ, ಇಂಥ ಪ್ರಕರಣಗಳು ಸಾಮಾನ್ಯವಾಗಿ ಸಾಗುವ ದಾರಿ. ರಾತ್ರಿ ನಿದ್ದೆ ಬರುವುದಿಲ್ಲ, ಎದೆ ಡಬಡಬ. ಡಾಕ್ಟರ ಹತ್ತಿರ ಹೋಗಿ ತಲೆನೋವು, ನಿದ್ದೆ ಇಲ್ಲ ಎನ್ನುತ್ತಾಳೆ. ಯಾಕೆ ನಿದ್ದೆ ಇಲ್ಲ ಎಂದು ಹೇಳುವುದಿಲ್ಲ. ಪಕ್ಕದಲ್ಲಿ ಗಂಡನೋ ಅತ್ತೆಯೋ ಕೂತಿರುತ್ತಾರೆ, ಹೇಳುವುದು ಹೇಗೆ? ಆಲ್ಪ್ರಜೋಲಾಮ್‌ನಂಥ ಒಂದು ಮಾತ್ರೆ ಸಿಗುತ್ತದೆ. ಹತ್ತು ದಿನಕ್ಕೆಂದು ಕೊಟ್ಟದ್ದು ಹತ್ತು ತಿಂಗಳಾಗುತ್ತದೆ. ಹಳೆಯ ಚೀಟಿ ತೋರಿಸಿದರೆ ಸಾಕು, ಮೆಡಿಕಲ್‌ನಲ್ಲಿ ಕೊಡುವವರು ಇದ್ದಾರೆ. ಈ ಮಾತ್ರೆ 2014ರಿಂದ ಎಚ್1 ಪಟ್ಟಿಯಲ್ಲಿದೆ; ಮಾರಿದ್ದನ್ನು ಅಂಗಡಿಯವರು ಬೇರೆ ಪುಸ್ತಕದಲ್ಲಿ ಬರೆದಿಡಬೇಕು. ಬರೆಯುವವರೂ ಇದ್ದಾರೆ, ಬರೆಯದವರೂ ಇದ್ದಾರೆ. ಬೆನ್ನು ನೋವಿಗೆಂದು ಶುರುವಾದ ಟ್ರಾಮಡಾಲ್, ಕೆಮ್ಮಿಗೆಂದು ಬಂದ ಕೊಡೀನ್ ಸಿರಪ್ ಕೂಡ ಇದೇ ದಾರಿ ಹಿಡಿಯುತ್ತವೆ. ಇವು ಬಾಟಲಿಯ ವಾಸನೆ ಬೀರುವುದಿಲ್ಲ. ಅಕ್ಕಿ ಡಬ್ಬದಲ್ಲಿ ಅಡಗುತ್ತವೆ.

ಇನ್ನೊಂದು ದಾರಿ ಗಂಡನದ್ದೇ. ತಾನು ಹಿಡಿದ ಚಟಕ್ಕೆ ಹೆಂಡತಿಯನ್ನೂ ಎಳೆಯುವವನು, ಅವಳಿಗೆ ಅಭ್ಯಾಸವಾದ ಮೇಲೆ "ಪೊಲೀಸರಿಗೆ ಹೇಳ್ತೇನೆ, ಮಕ್ಕಳನ್ನು ಕಿತ್ಕೊಳ್ತೇನೆ" ಎಂದು ಅದನ್ನೇ ಹಗ್ಗ ಮಾಡುವವನು. ಅಮೆರಿಕದಲ್ಲಿ ಕೌಟುಂಬಿಕ ಹಿಂಸೆಯ ಸಹಾಯವಾಣಿಗೆ ಕರೆ ಮಾಡಿದ ಹೆಂಗಸರನ್ನು ಈ ಬಗ್ಗೆ ಕೇಳಿದ್ದರು. ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ, ಸಂಗಾತಿಯೇ ಒತ್ತಾಯಿಸಿ ಮದ್ಯವನ್ನೋ ಮಾದಕವನ್ನೋ ಕೊಟ್ಟ ಎಂದರು. ಬಿಡಬೇಕೆಂದು ಚಿಕಿತ್ಸೆಗೆ ಹೊರಟವರಲ್ಲಿ ಅರ್ಧಕ್ಕಿಂತ ಹೆಚ್ಚಿನವರನ್ನು ಅದೇ ಸಂಗಾತಿ ತಡೆಯಲು ನೋಡಿದ್ದ.

ಇಲ್ಲಿ ಗಂಟು ಇರುವುದು. ವ್ಯಸನಮುಕ್ತಿ ಕೇಂದ್ರಕ್ಕೆ ಹೋದರೆ, "ಮೊದಲು ಮಾತ್ರೆ ಬಿಡು, ಮನೆ ವಿಷಯ ಆಮೇಲೆ" ಎನ್ನುತ್ತಾರೆ. ಈ ಕೇಂದ್ರಗಳಲ್ಲಿ ಹೆಚ್ಚಿನವು ಗಂಡಸರನ್ನು ಮನಸ್ಸಿನಲ್ಲಿಟ್ಟೇ ಕಟ್ಟಿದವು ಬೇರೆ. ಹಿಂಸೆಯ ದೂರು ಹಿಡಿದು ಆಶ್ರಯ ಕೇಳಿದರೆ, "ಚಟ ಇರುವವರನ್ನು ಇಟ್ಟುಕೊಳ್ಳುವುದು ಕಷ್ಟ" ಎನ್ನುವುದು ಎಷ್ಟೋ ದೇಶಗಳ ಆಶ್ರಯಧಾಮಗಳಲ್ಲಿ ಕೇಳುವ ಮಾತು. ಜಮಾಅತ್‌ಗೆ ಬಂದರೆ ಸಬ್ರ್ ಮಾಡು ಎಂಬ ಉಪದೇಶ. ಮೂರೂ ಕಡೆ ಅವಳು ಅರ್ಧ ಕಥೆಯನ್ನೇ ಹೇಳಬೇಕು. ಏಟು ಬಿದ್ದ ರಾತ್ರಿ ಮಾತ್ರೆ ಬೇಕೆನಿಸುತ್ತದೆ. ಮಾತ್ರೆಯ ಮಂಪರಿನಲ್ಲಿದ್ದರೆ ಅಡುಗೆ ತಡವಾಗಿ ಮತ್ತೆ ಏಟು. ಒಂದನ್ನು ಬಿಟ್ಟು ಇನ್ನೊಂದನ್ನು ಬಿಡಿಸುವುದು ಹೇಗೆ?

ಈ ಪ್ರಶ್ನೆಯನ್ನು ಗಂಭೀರವಾಗಿ ಹಿಡಿದವರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಸಮಾಜಕಾರ್ಯ ವಿಭಾಗದ ಇಬ್ಬರು ಹೆಂಗಸರು ಮುಖ್ಯರು: ನಬೀಲಾ ಅಲ್ ಬಸ್ಸೆಲ್ ಮತ್ತು ಲೂಯಿಸಾ ಗಿಲ್ಬರ್ಟ್. ಹೆರಾಯಿನ್‌ನಂಥ ಚಟದಿಂದ ಹೊರಬರಲು ಮೆಥಡೋನ್ ಎಂಬ ಔಷಧ ತೆಗೆದುಕೊಳ್ಳುತ್ತಿದ್ದ, ಜೊತೆಗೆ ಸಂಗಾತಿಯ ಏಟನ್ನೂ ತಿನ್ನುತ್ತಿದ್ದ ಹೆಂಗಸರಿಗಾಗಿ ಅವರು ಒಂದು ಗುಂಪು ಚಿಕಿತ್ಸೆ ರೂಪಿಸಿದರು. 11 ಸಲ ಗುಂಪಿನಲ್ಲಿ, ಪ್ರತಿ ಸಲ 2 ಗಂಟೆ. ಒಂದು ಸಲ ಒಬ್ಬೊಬ್ಬರನ್ನೇ ಕೂರಿಸಿ ಮಾತುಕತೆ. ಚಟ ಮರುಕಳಿಸದಂತೆ ನೋಡಿಕೊಳ್ಳುವುದು ಮತ್ತು ಸಂಬಂಧದಲ್ಲಿ ಸುರಕ್ಷಿತವಾಗಿರುವುದು, ಎರಡನ್ನೂ ಅದೇ ಕೋಣೆಯಲ್ಲಿ, ಅದೇ ದಿನ ಕಲಿಸಿದರು. 2006ರಲ್ಲಿ ಪ್ರಕಟವಾದ ಅವರ ಮೊದಲ ಪರೀಕ್ಷೆಯಲ್ಲಿ ಇದ್ದದ್ದು 34 ಹೆಂಗಸರು ಮಾತ್ರ. ಅರ್ಧದಷ್ಟು ಮಂದಿಗೆ ಈ ಗುಂಪು, ಉಳಿದವರಿಗೆ ಒಂದೇ ಒಂದು ಮಾಹಿತಿ ಸಭೆ. 3 ತಿಂಗಳ ನಂತರ ಕೇಳಿದಾಗ ಗುಂಪಿನಲ್ಲಿದ್ದವರಲ್ಲಿ ಹಿಂಸೆ ಕಡಿಮೆಯಾಯಿತೆಂದವರು ಹೆಚ್ಚು ಇದ್ದರು. ಚಿಕ್ಕ ಪರೀಕ್ಷೆ, ಅದರ ಮೇಲೆ ದೊಡ್ಡ ಮಾತು ಕಟ್ಟುವುದು ಬೇಡ. ಆದರೆ "ಮೊದಲು ಚಟ ಬಿಡು, ಆಮೇಲೆ ಏಟಿನ ಮಾತು" ಎಂದು ಕಾಯಿಸಬೇಕಾಗಿಲ್ಲ ಎಂಬುದನ್ನು ಅದು ತೋರಿಸಿಕೊಟ್ಟಿತು.

ಅಂಥ ಗುಂಪಿನಲ್ಲಿ ಎಂತ ನಡೆಯುತ್ತದೆ? ನಮ್ಮ ಓದುಗರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಗುಂಪು ಎಂದ ಕೂಡಲೇ "ಎಲ್ಲರೆದುರು ಮನೆ ಮರ್ಯಾದೆ ಹರಾಜು" ಎಂಬ ಹೆದರಿಕೆ ಹುಟ್ಟುತ್ತದೆ.

ಆರರಿಂದ ಹತ್ತು ಮಂದಿ ಹೆಂಗಸರು, ಅಷ್ಟೇ. ನಡೆಸುವವಳು ತರಬೇತಿ ಪಡೆದ ಕೌನ್ಸಿಲರ್. ಜೊತೆಗೆ ಇನ್ನೊಬ್ಬಳು, ಯಾರಿಗಾದರೂ ಅಳು ತಡೆಯದಿದ್ದರೆ ಹೊರಗೆ ಕರೆದುಕೊಂಡು ಹೋಗಲು. ಗುಂಪು ಒಮ್ಮೆ ಶುರುವಾದರೆ ನಡುವೆ ಹೊಸಬರನ್ನು ಸೇರಿಸದಿರುವುದು ಒಳ್ಳೆಯದು. ಇಲ್ಲಿ ಕೇಳಿದ್ದು ಇಲ್ಲಿಯೇ, ಎಂಬುದು ಮೊದಲ ದಿನದ ಕರಾರು. ಪೂರ್ತಿ ಹೆಸರು, ಊರು, ಗಂಡನ ಕೆಲಸ ಹೇಳಬೇಕೆಂದಿಲ್ಲ. ಪಕ್ಕದ ಕೋಣೆಯಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಒಬ್ಬರು ಇರಬೇಕು, ಇಲ್ಲದಿದ್ದರೆ ಹೆಂಗಸರು ಬರುವುದೇ ಇಲ್ಲ. ಸಮಯ ಬೆಳಗ್ಗೆ, ಮಕ್ಕಳು ಶಾಲೆಗೆ ಹೋದ ಮೇಲೆ, ಲುಹರ್‌ಗೆ ಮುಂಚೆ ಮನೆ ಸೇರುವಂತೆ.

ಏಟಿನ ವಿವರ ಹೇಳು ಎಂದು ಯಾರೂ ಕೆದಕುವುದಿಲ್ಲ. ಲೀಸಾ ನಜಾವಿಟ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ ಆಘಾತ ಮತ್ತು ಚಟ ಎರಡನ್ನೂ ಒಟ್ಟಿಗೆ ಹಿಡಿಯುವ 25 ಪಾಠಗಳ ಒಂದು ಕ್ರಮವನ್ನು ರೂಪಿಸಿ 2002ರಲ್ಲಿ ಪುಸ್ತಕವಾಗಿ ತಂದರು. ಹಳೆಯ ಗಾಯವನ್ನು ಬಿಚ್ಚುವುದಕ್ಕಿಂತ ಇವತ್ತು ಬದುಕುಳಿಯುವುದು ಮೊದಲು ಎಂಬುದು ಅದರ ಮುಖ್ಯ ಮಾತು. ಎದೆ ಹೊಡೆದುಕೊಂಡಾಗ ಕಣ್ಣಿಗೆ ಕಾಣುವ ಐದು ವಸ್ತುಗಳ ಹೆಸರು ಹೇಳಿಕೋ, ಕಾಲಡಿಯ ನೆಲವನ್ನು ಒತ್ತಿ ನೋಡು, ತಣ್ಣೀರಿನಲ್ಲಿ ಕೈ ಅದ್ದು. ಕೇಳುವಾಗ ಮಕ್ಕಳಾಟ ಅನಿಸುತ್ತದೆ. ಮಾತ್ರೆಗೆ ಕೈ ಹೋಗುವ ಆ ಹತ್ತು ನಿಮಿಷ ದಾಟಿಸುವುದು ಇಂಥ ಆಟಗಳೇ.

ಮುಂದೆ ಪ್ರತಿಯೊಬ್ಬಳೂ ತನ್ನ ಲೆಕ್ಕ ತೆಗೆಯುತ್ತಾಳೆ. ಮಾತ್ರೆ ಯಾವಾಗ ಬೇಕೆನಿಸುತ್ತದೆ? ಗಲ್ಫಿನಿಂದ ಅವನ ಫೋನ್ ಬಂದ ಮೇಲೆಯೋ, ಅವನು ರಜೆಗೆ ಬರುವ ವಾರವೋ, ನಾದಿನಿ ಮಾತಿನ ಚುಚ್ಚು ಹಾಕಿದಾಗಲೋ? ಏಟಿಗೆ ಮುಂಚೆ ಮನೆಯಲ್ಲಿ ಏನು ಬದಲಾಗುತ್ತದೆ, ಸ್ವರವೇ, ಬಾಗಿಲು ಹಾಕುವ ಸದ್ದೇ? ಎರಡೂ ಲೆಕ್ಕ ಪಕ್ಕಪಕ್ಕ ಇಟ್ಟಾಗ ಎಷ್ಟೋ ಸಲ ಒಂದೇ ದಿನ, ಒಂದೇ ಗಂಟೆ ಬರುತ್ತದೆ. ಇದನ್ನು ಒಬ್ಬಳೇ ಕೂತು ಕಾಣುವುದು ಕಷ್ಟ. ಎದುರಿನವಳು "ನನಗೂ ಹಾಗೇ" ಎಂದಾಗ ಕಾಣುತ್ತದೆ. ತಪ್ಪು ತನ್ನದೇ ಎಂದು ನಂಬಿದವಳಿಗೆ, ಅದೇ ತಪ್ಪು ಎಂಟು ಮನೆಯಲ್ಲಿ ಇರಲು ಹೇಗೆ ಸಾಧ್ಯ ಎಂಬ ಪ್ರಶ್ನೆ ಅಲ್ಲೇ ಹುಟ್ಟುತ್ತದೆ. ಗುಂಪಿನ ಮದ್ದು ಇದು.

ಕೊನೆಗೆ ಸುರಕ್ಷೆಯ ಯೋಜನೆ. ಆಧಾರ್, ರೇಷನ್ ಕಾರ್ಡ್, ನಿಕಾಹ್ ಸರ್ಟಿಫಿಕೇಟ್, ಮಕ್ಕಳ ಜನನ ಪತ್ರಗಳ ನಕಲು ಎಲ್ಲಿಡಬೇಕು, ಸ್ವಲ್ಪ ದುಡ್ಡು ಯಾರ ಹತ್ತಿರ ಇಡಬೇಕು, ನೆರೆಮನೆಯವಳಿಗೆ ಯಾವ ಮಾತು ಹೇಳಿದರೆ "ಕೂಡಲೇ ಬಾ" ಎಂದು ಅರ್ಥ, ಗಲಾಟೆ ಶುರುವಾದರೆ ಅಡುಗೆಮನೆಗೆ ಓಡಬಾರದು ಯಾಕೆ (ಅಲ್ಲಿ ಕತ್ತಿ, ಬಿಸಿ ಎಣ್ಣೆ ಎಲ್ಲ ಉಂಟಲ್ಲ). ಗಂಡನನ್ನು ಬಿಟ್ಟು ಬಾ ಎಂದು ಗುಂಪು ಹೇಳುವುದಿಲ್ಲ. ಇರು ಎಂದೂ ಹೇಳುವುದಿಲ್ಲ. ನಡುವೆ ಒಂದು ವಾರ ಮತ್ತೆ ಮಾತ್ರೆ ನುಂಗಿ ಬಂದವಳನ್ನು ಹೊರಗೂ ಹಾಕುವುದಿಲ್ಲ.

ಅಮೆರಿಕದ ಹೆಂಗಸರಿಗೆ ಆದದ್ದು ನಮಗೆ ಆದೀತೇ ಎಂದು ಕೇಳುವವರಿಗೆ ಇನ್ನೊಂದು ಊರಿನ ಮಾತು. ಅದೇ ಕೊಲಂಬಿಯಾ ತಂಡ ಮಧ್ಯ ಏಷ್ಯಾದ ಕಿರ್ಗಿಸ್ತಾನಕ್ಕೂ ಹೋಯಿತು. ಜನರಲ್ಲಿ ಹೆಚ್ಚಿನವರು ಮುಸ್ಲಿಮರು. ಮಾನ, ಮನೆತನ, ಅತ್ತೆಮನೆಯ ಲೆಕ್ಕಾಚಾರ ನಮಗೆ ಪರಕೀಯವಲ್ಲ. ಅಲ್ಲಿ ಮಾದಕ ದ್ರವ್ಯ ಬಳಸುತ್ತಿದ್ದ 73 ಹೆಂಗಸರನ್ನು ಕೇಳಿದರೆ, ಸುಮಾರು ಮುಕ್ಕಾಲು ಪಾಲು ಮಂದಿ ಹಿಂದಿನ ಒಂದು ವರ್ಷದಲ್ಲಿ ಸಂಗಾತಿಯಿಂದ ಹಿಂಸೆ ಅನುಭವಿಸಿದವರು. ಅಲ್ಲಿ ಮಾಡಿದ್ದು ಹನ್ನೊಂದು ಸಲದ ಗುಂಪಲ್ಲ, ತುಂಬಾ ಚುಟುಕಾದ ಕ್ರಮ: ನಾಚಿಕೆಪಡಿಸದೆ ಹಿಂಸೆಯ ಬಗ್ಗೆ ಕೇಳುವುದು, ಅಪಾಯ ಎಷ್ಟೆಂದು ಅಳೆಯುವುದು, ಸುರಕ್ಷೆಯ ಯೋಜನೆ, ಯಾರ ಆಸರೆ ಇದೆ ಎಂದು ನೋಡುವುದು, ಮುಂದಿನ ಸೇವೆಗೆ ಕೈ ಹಿಡಿದು ತಲುಪಿಸುವುದು. 3 ತಿಂಗಳಲ್ಲಿ ಏಟು ಕಡಿಮೆಯಾಗಿತ್ತು, ನೆರವು ಕೇಳಿಕೊಂಡು ಹೋದವರ ಸಂಖ್ಯೆ ಏರಿತ್ತು. ಕೇಳುವವರು ಇದ್ದರೆ ಹೇಳುವವರು ಇದ್ದಾರೆ ಎಂದಾಯಿತು.

ನಮ್ಮಲ್ಲಿ ಮೊದಲು ಏಳುವ ಆಕ್ಷೇಪ ಬೇರೆಯೇ. ಗಂಡನ ದೋಷ ಹೊರಗೆ ಹೇಳುವುದು ಗೀಬತ್ ಅಲ್ಲವೇ? ಈ ಭಯದಿಂದಲೇ ಬಾಯಿ ಮುಚ್ಚಿಕೊಂಡ ದೀನೀ ಹೆಣ್ಮಕ್ಕಳು ಇದ್ದಾರೆ, ಹಾಗಾಗಿ ಇದನ್ನು ಹಗುರವಾಗಿ ತಳ್ಳಿಹಾಕುವುದು ಸರಿಯಲ್ಲ. ನಾವು ಅನುಸರಿಸುವ ಶಾಫಿಈ ಮದ್‌ಹಬ್‌ನ ದೊಡ್ಡ ವಿದ್ವಾಂಸ ಇಮಾಮ್ ನವವಿ ರಿಯಾಳುಸ್ಸಾಲಿಹೀನ್‌ನಲ್ಲಿ ಗೀಬತ್‌ಗೆ ಆರು ವಿನಾಯಿತಿಗಳನ್ನು ಕೊಟ್ಟಿದ್ದಾರೆ. ಅವುಗಳಲ್ಲಿ ಮೊದಲನೆಯದೇ ಅನ್ಯಾಯಕ್ಕೊಳಗಾದವರು ಪರಿಹಾರ ಕೊಡಬಲ್ಲವರ ಬಳಿ ದೂರು ಹೇಳುವುದು. ಖೌಲಾ ಬಿಂತ್ ಸಅಲಬ ತನ್ನ ಗಂಡನ ಅನ್ಯಾಯದ ಮಾತನ್ನು ಹಿಡಿದು ಪ್ರವಾದಿಯವರ (ಸ) ಬಳಿಗೇ ಹೋಗಿ ವಾದಿಸಿದ್ದನ್ನು ಮದ್ರಸದ ಮಕ್ಕಳೂ ಬಲ್ಲರು. ಅಲ್ ಮುಜಾದಲ ಸೂರಾ ಶುರುವಾಗುವುದೇ ಆ ದೂರಿನಿಂದ. ಜಗಲಿಯಲ್ಲಿ ಬೀಡಿ ಕಟ್ಟುತ್ತಾ ಕೂತು ಇನ್ನೊಂದು ಮನೆಯ ಸುದ್ದಿ ಹರಡುವುದು ಒಂದು, ಪರಿಹಾರ ಹುಡುಕಿ ಮುಚ್ಚಿದ ಕೋಣೆಯಲ್ಲಿ ತನ್ನ ಕಷ್ಟ ಹೇಳುವುದು ಇನ್ನೊಂದು. ಮೊದಲನೆಯದಕ್ಕೆ ನಾವು ಬೇಕಾದಷ್ಟು ಸಮಯ ಕೊಟ್ಟಿದ್ದೇವೆ.

ಎರಡನೆಯ ಆಕ್ಷೇಪ, "ಜಮಾಅತ್‌ನ ಹಿರಿಯರು ಇದ್ದಾರಲ್ಲ, ಪಂಚಾತಿಕೆ ಮಾಡುತ್ತಾರಲ್ಲ?" ಮಾಡುತ್ತಾರೆ, ಎಷ್ಟೋ ಸಂಸಾರ ಉಳಿಸಿದ್ದಾರೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಏಟಿನ ಪ್ರಕರಣದಲ್ಲಿ ಗಂಡ ಹೆಂಡತಿಯನ್ನು ಎದುರೆದುರು ಕೂರಿಸಿ "ಎಂತಮ್ಮ ವಿಷಯ, ಹೇಳು" ಎಂದರೆ ಅವಳು ಏನು ಹೇಳಿಯಾಳು? ರಾತ್ರಿ ಅವನ ಜೊತೆಗೇ ಮನೆಗೆ ಹೋಗಬೇಕಾದವಳು ಅವಳು. ಹಿಂಸೆ ನಿಲ್ಲುವವರೆಗೆ ದಂಪತಿಯನ್ನು ಒಟ್ಟಿಗೆ ಕೂರಿಸಬಾರದು ಎಂಬುದು ಈ ಕ್ಷೇತ್ರದಲ್ಲಿ ಕೆಲಸ ಮಾಡುವವರ ಸಾಮಾನ್ಯ ಎಚ್ಚರಿಕೆ. ಪಂಚಾತಿಕೆಗೆ ಮುಂಚೆ ಅವಳ ಮಾತನ್ನು ಬೇರೆಯಾಗಿ, ಹೆಂಗಸೊಬ್ಬಳು ಕೇಳಿಸಿಕೊಳ್ಳುವ ಏರ್ಪಾಡು ಇಲ್ಲದ ಜಮಾಅತ್ ಈ ಕೆಲಸಕ್ಕೆ ಕೈ ಹಾಕದಿರುವುದು ಮೇಲು ಎಂಬುದು ನಮ್ಮ ಅಭಿಪ್ರಾಯ. ಅವಳಿಗೆ ಮಾತ್ರೆಯ ಚಟ ಇದೆಯೆಂದು ಗೊತ್ತಾದ ಕೂಡಲೇ ಇಡೀ ಪಂಚಾತಿಕೆ ತಿರುಗಿಬೀಳುವುದೂ ಉಂಟು: "ಅವಳೇ ಸರಿ ಇಲ್ಲ ನೋಡಿ." ಆಗ ಅವನ ಕೈಯ ಏಟಿಗೆ ಕಾರಣ ಸಿಕ್ಕಂತಾಯಿತು.

ಕಾನೂನು ಈ ವಿಷಯದಲ್ಲಿ ನಮಗಿಂತ ಸ್ವಲ್ಪ ಮುಂದಿದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಎಲ್ಲ ಧರ್ಮದ ಹೆಂಗಸರಿಗೂ ಅನ್ವಯ. ಮನೆಯಿಂದ ಹೊರಹಾಕದಂತೆ ವಾಸದ ಆದೇಶ ಕೇಳಬಹುದು, ತಲಾಕ್ ಕೇಳಬೇಕೆಂದಿಲ್ಲ. ನಮ್ಮ ರಾಜ್ಯದಲ್ಲಿ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಇದರ ರಕ್ಷಣಾಧಿಕಾರಿ. ಬೇರೆಯಾಗಲೇಬೇಕು ಎನ್ನುವವಳಿಗೆ 1939ರ ಮುಸ್ಲಿಂ ವಿವಾಹ ವಿಚ್ಛೇದನ ಕಾಯ್ದೆಯಲ್ಲಿ ಗಂಡನ ಕ್ರೌರ್ಯವೂ ಒಂದು ಕಾರಣ. ಚಟದ ಬಗ್ಗೆ ಬಾಯಿಬಿಟ್ಟರೆ ಜೈಲು ಎಂದು ಹೆದರಿಸುವ ಗಂಡಂದಿರಿಗೆ ಉತ್ತರ ಮಾದಕ ದ್ರವ್ಯ ಕಾಯ್ದೆಯ 64ಎ ಕಲಮಿನಲ್ಲಿದೆ: ಸ್ವಂತ ಬಳಕೆಯ ಅಥವಾ ಸಣ್ಣ ಪ್ರಮಾಣದ ಪ್ರಕರಣವಾಗಿದ್ದು, ತಾವಾಗಿ ಚಿಕಿತ್ಸೆಗೆ ಬಂದು ಅದನ್ನು ಪೂರೈಸುವ ವ್ಯಸನಿಗೆ ಮೊಕದ್ದಮೆಯಿಂದ ರಕ್ಷಣೆ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಚಿಕಿತ್ಸೆಯ ವಿವರವನ್ನು ಗುಟ್ಟಾಗಿಡುವುದು ವೈದ್ಯರ ಹೊಣೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು. ಇದನ್ನು ಓದಿ ಯಾರೂ ನಾಳೆಯಿಂದ ಮಾತ್ರೆ ನಿಲ್ಲಿಸಿಬಿಡಬೇಡಿ, ಮನೆಯವರು ಕಸಿದು ಬಿಸಾಡುವುದೂ ಬೇಡ. ತಿಂಗಳುಗಟ್ಟಲೆ ನಿದ್ದೆ ಮಾತ್ರೆ ನುಂಗಿದವರು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಡಾಕ್ಟರ ನಿಗಾದಲ್ಲಿ ವಾರ ವಾರ ಪ್ರಮಾಣ ಇಳಿಸುತ್ತಾ ಬಿಡಬೇಕು. ಗುಂಪು ಡಾಕ್ಟರರ ಬದಲಿಗೆ ಇರುವುದಲ್ಲ, ಜೊತೆಗೆ ಇರುವುದು.

ಹಾಗಾದರೆ ನಮ್ಮ ಊರಿನಲ್ಲಿ ಇದಕ್ಕೆ ಬೇಕಾದದ್ದು ಏನು? ಕಟ್ಟಡ ಬೇಡ. ಮದ್ರಸದ ಹಾಲ್ ಮಕ್ಕಳು ಶಾಲೆಗೆ ಹೋದ ಮೇಲೆ ಹಗಲಿಡೀ ಖಾಲಿ. ಆದರೆ ಮಸೀದಿ ಕಾಂಪೌಂಡಿನೊಳಗೆ ಬೇಡ ಎನ್ನುವ ಹೆಂಗಸರೂ ಇರುತ್ತಾರೆ, ಯಾರು ಬಂದರು ಹೋದರು ಎಂದು ಎದುರಿನ ಅಂಗಡಿಯವರು ನೋಡುತ್ತಾರಲ್ಲ. ಅಂಥವರಿಗೆ ಹೊಲಿಗೆ ತರಗತಿ ನಡೆಯುವ ಜಾಗವೋ ಆಸ್ಪತ್ರೆಯ ಒಂದು ಕೋಣೆಯೋ ಒಳ್ಳೆಯದು. ಫಲಕದಲ್ಲಿ "ವ್ಯಸನ" ಎಂಬ ಪದ ಹಾಕುವುದು ಬೇಡ, "ಮಹಿಳಾ ಆರೋಗ್ಯ" ಎಂದಿದ್ದರೆ ಸಾಕು. ನಮ್ಮ ಹೆಣ್ಮಕ್ಕಳಲ್ಲಿ ಸಮಾಜಕಾರ್ಯ ಓದಿದವರು, ಮನಶ್ಶಾಸ್ತ್ರ ಓದಿದವರು, ನರ್ಸಿಂಗ್ ಮುಗಿಸಿದವರು ಈಗ ಮನೆ ಮನೆಯಲ್ಲಿ ಇದ್ದಾರೆ. ಮದುವೆಯಾಗಿ ಅಡುಗೆಮನೆ ಸೇರಿದವರೂ ಇದ್ದಾರೆ. ಬ್ಯಾರಿ ಭಾಷೆಯಲ್ಲಿ ಕೇಳಿ, ಬ್ಯಾರಿ ಭಾಷೆಯಲ್ಲೇ ಉತ್ತರ ಕೊಡಬಲ್ಲ ಕೌನ್ಸಿಲರ್ ಸಿಕ್ಕರೆ ಅರ್ಧ ಕೆಲಸ ಆದಂತೆ. ಉಮ್ಮನ ಭಾಷೆಯಲ್ಲಿ ಬರುವ ಅಳು ಬೇರೆ ಭಾಷೆಯಲ್ಲಿ ಬರುವುದಿಲ್ಲ. ಅಂಥ ಇಬ್ಬರನ್ನು ಗುರುತಿಸಿ, ತರಬೇತಿಗೆ ಕಳಿಸಿ, ಸಂಬಳ ಕೊಡುವುದು ಗಲ್ಫಿನಲ್ಲಿರುವ ನಮ್ಮ ಸಂಘಟನೆಗಳಿಗೆ ಭಾರವಲ್ಲ. ಗೇಟಿನ ಮೇಲೆ ಹೆಸರು ಬರೆಸುವಂಥ ದಾನ ಇದಲ್ಲ, ಅಷ್ಟೇ ವ್ಯತ್ಯಾಸ.

ಅಲ್ಲಿಯವರೆಗೆ ಇರುವ ದಾರಿಗಳು: ಹಿಂಸೆಗೆ ಮಹಿಳಾ ಸಹಾಯವಾಣಿ 181, ಜೀವಕ್ಕೆ ಅಪಾಯವಿದ್ದರೆ 112. ಚಟದ ಬಗ್ಗೆ ಕೇಳಲು ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ 14446, ಮನಸ್ಸಿನ ನೋವಿಗೆ ಟೆಲಿ ಮಾನಸ್ 14416. ಸಖಿ ಕೇಂದ್ರದಲ್ಲಿ ಪೊಲೀಸ್, ವೈದ್ಯಕೀಯ ಮತ್ತು ಕಾನೂನು ನೆರವು ಒಂದೇ ಕಡೆ ಸಿಗುತ್ತದೆ. ಸರಕಾರಿ ಆಸ್ಪತ್ರೆಯ ಮನೋವೈದ್ಯರ ಬಳಿ ಹೋಗುವಾಗ ಸಾಧ್ಯವಾದರೆ ತವರಿನವರೊಬ್ಬರನ್ನು ಕರೆದುಕೊಂಡು ಹೋಗಿ; ಡಾಕ್ಟರ ಕೋಣೆಯೊಳಗೆ ಮಾತ್ರ ಒಬ್ಬರೇ ಮಾತಾಡಬೇಕೆಂದು ಕೇಳಿಕೊಳ್ಳಿ, ಅದು ನಿಮ್ಮ ಹಕ್ಕು. ಮನೆಯ ಫೋನಿನಿಂದ ಕರೆ ಮಾಡಿದ್ದರೆ ಆ ನಂಬರನ್ನು ಕಾಲ್ ಲಿಸ್ಟ್‌ನಿಂದ ಅಳಿಸಿಬಿಡಿ, ಮತ್ತು ಈ ಪುಟವನ್ನು ಕತ್ತರಿಸಿ ಇಟ್ಟುಕೊಳ್ಳುವುದಾದರೆ ಹಿಂಬದಿಯ ಪುಟ ಮೇಲೆ ಬರುವಂತೆ ಮಡಚಿಡಿ.